ಮದ್ದಿನ ಕಿಟಕಿಯ ಚರಿತ್ರೆ

ನಮ್ಮ ವಾಚನಾಲಯದ ಪುಸ್ತಕಕ್ಕೆ ಚರಿತ್ರೆಯ ಒಂದು ಲೇಖನ ಬರೆದುಕೊಡಬೇಕೆಂದು ಕಾರ್ಯದರ್ಶಿಯವರು ಕೇಳಿದಾಗ ನಾನು ಮೊದಲು ನಕ್ಕುಬಿಟ್ಟೆ. ಚರಿತ್ರೆ ಅಂದರೆ ಕುಂಬಳೆಯ ಅರಸರು, ಬೇಕಲದ ಕೋಟೆ, ಏಕೀಕರಣದ ಹೋರಾಟ, ಇಂಥವು. ಅವುಗಳ ಬಗ್ಗೆ ಬರೆಯಬಲ್ಲವರು ನಮ್ಮ ಕಾಸರಗೋಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಆಸ್ಪತ್ರೆಯ ಫಾರ್ಮಸಿಸ್ಟ್. ಮೂವತ್ತೊಂದು ವರ್ಷ ಒಂದು ಕಿಟಕಿಯ ಹಿಂದೆ ನಿಂತು ಮದ್ದು ಕೊಟ್ಟವನು. "ಆ ಕಿಟಕಿಗೂ ಒಂದು ಚರಿತ್ರೆ ಉಂಟಲ್ಲ ಮಾರಾಯ್ರೆ, ಅದನ್ನೇ ಬರೀರಿ" ಎಂದರು ಅವರು. ಮನೆಗೆ ಬಂದು ಯೋಚಿಸಿದಾಗ ಅವರು ಹೇಳಿದ್ದು ಸರಿ ಅನಿಸಿತು. ಬರೆಯಬೇಕಾದ ಒಂದು ಸ್ವಂತ ಬಾಕಿಯೂ ನನ್ನ ಹತ್ತಿರ ಉಂಟು.

ನಾನು ಕೆಲಸಕ್ಕೆ ಸೇರಿದ್ದು 1988ರಲ್ಲಿ. ಆಗ ಆ ಔಷಧ ವಿಭಾಗದಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು ಹಿರಿಯರಿದ್ದರು. ಎಲ್ಲರೂ ಅವರನ್ನು ಕಂಪೌಂಡರ್ ಮಾವ ಎಂದೇ ಕರೆಯುತ್ತಿದ್ದರು. ಕಾಲೇಜಿನ ಮೆಟ್ಟಲು ಹತ್ತಿದವರಲ್ಲ. ಹುಡುಗನಾಗಿದ್ದಾಗಲೇ ಒಬ್ಬ ಡಾಕ್ಟರರ ಕೈಕೆಳಗೆ ಕಲಿತವರು. 1948ರ ಫಾರ್ಮಸಿ ಕಾಯಿದೆ ಬಂದಾಗ, ಐದು ವರ್ಷ ಮದ್ದು ತಯಾರಿಸಿದ ಅನುಭವ ಇದ್ದವರ ಹೆಸರನ್ನೂ ಮೊದಲ ಪಟ್ಟಿಯಲ್ಲಿ ಸೇರಿಸಲು ಅವಕಾಶ ಇತ್ತು. ಹಾಗೆ ಸೇರಿದವರು. ನಮ್ಮ ಊರು ಆಗ ಮದರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ರಾಜ್ಯ ಬದಲಾಯಿತು. "ಮದ್ದಿನ ಬಾಟ್ಲಿ ಅದೇ, ಕುಡಿಯುವ ಬಾಯಿಯೂ ಅದೇ, ಅರ್ಜಿ ಹಾಕುವ ಊರು ಮಾತ್ರ ಬೇರೆ ಆಯ್ತು" ಎಂದು ಅವರು ನಗುತ್ತಿದ್ದರು.

ಅವರ ಕಾಲದ ಮದ್ದು ಅಂದರೆ ಮಿಕ್ಸ್ಚರ್. ಜನ ಮನೆಯಿಂದಲೇ ಬಾಟ್ಲಿ ತೊಳೆದು ತರಬೇಕು. ಕಂಪೌಂಡರು ಅದಕ್ಕೆ ಬಣ್ಣದ ನೀರಿನಂಥ ಔಷಧ ತುಂಬಿಸಿ, ಹೊರಗಡೆ ಕಾಗದದ ಉದ್ದ ಪಟ್ಟಿ ಅಂಟಿಸುವುದು. ಆ ಪಟ್ಟಿಯ ಅಂಚನ್ನು ಕತ್ತರಿಯಿಂದ ಕಚ್ಚು ಕಚ್ಚಾಗಿ ಕತ್ತರಿಸಿರುತ್ತಾರೆ. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಹೊತ್ತಿನ ಮದ್ದು. ಅಕ್ಷರ ಗೊತ್ತಿಲ್ಲದವರಿಗೂ ತಪ್ಪುತ್ತಿರಲಿಲ್ಲ. ಆ ಕಾಗದದ ಪಟ್ಟಿಯೇ ನನ್ನ ವೃತ್ತಿಯ ಮೊದಲ ಪಾಠ. ಮದ್ದು ಕೊಟ್ಟರೆ ಸಾಲದು. ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂಬುದನ್ನೂ ಜೊತೆಗೆ ಕೊಡಬೇಕು.

ಪೆನ್ಸಿಲಿನ್ ಹೊಸದಾಗಿ ಬಂದ ಕಾಲವನ್ನೂ ಮಾವ ಕಂಡಿದ್ದರು. ಮೂರು ಮೂರು ಗಂಟೆಗೊಮ್ಮೆ ಸೂಜಿ ಚುಚ್ಚಬೇಕಾಗಿತ್ತಂತೆ, ರಾತ್ರಿಯೂ ಸಹ. "ಸಾಯ್ತಾನೆ ಅಂತ ಮನೆಯವರೆಲ್ಲ ಅತ್ತು ಮುಗಿಸಿದವನು ನಾಲ್ಕನೇ ದಿನ ಗಂಜಿ ಕೇಳಿದ" ಎಂದು ಹೇಳುವಾಗ ಅವರ ಸ್ವರ ತಗ್ಗುತ್ತಿತ್ತು. ದೇವರ ಪ್ರಸಾದದ ಬಗ್ಗೆ ಮಾತಾಡುವ ಹಾಗೆ.

ಆ ಪ್ರಸಾದದ ಚರಿತ್ರೆಯನ್ನು ಸ್ವಲ್ಪ ನೋಡೋಣ. 1928ರಲ್ಲಿ ಲಂಡನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ತಟ್ಟೆಯಲ್ಲಿ ಬೂಸು ಬೆಳೆದ ಕಡೆ ರೋಗಾಣುಗಳು ಸತ್ತದ್ದನ್ನು ಕಂಡರು. ಅದನ್ನು ಮದ್ದಾಗಿ ಮಾಡಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ಮತ್ತು ಅವರ ಸಂಗಡಿಗರು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಅದನ್ನು ಚಿಕಿತ್ಸೆಯಾಗಿ ಕೊಟ್ಟರು. ಮುಖವೆಲ್ಲ ಕೀವಾಗಿ ಒಂದು ಕಣ್ಣು ಹೋಗಿದ್ದ ಮನುಷ್ಯ ಒಂದೆರಡು ದಿನದಲ್ಲೇ ಚೇತರಿಸಿಕೊಂಡ. ಆದರೆ ಮದ್ದು ಇದ್ದದ್ದೇ ಚಿಟಿಕೆಯಷ್ಟು. ಅವನ ಮೂತ್ರವನ್ನು ಹಿಡಿದು, ಸೈಕಲ್ಲಿನಲ್ಲಿ ಪ್ರಯೋಗಶಾಲೆಗೆ ಸಾಗಿಸಿ, ಅದರಿಂದ ಪೆನ್ಸಿಲಿನ್ ವಾಪಸು ತೆಗೆದು ಮತ್ತೆ ಅವನಿಗೇ ಚುಚ್ಚಿದರು. ಕೊನೆಗೆ ಅದೂ ಮುಗಿಯಿತು. ರೋಗ ಮರುಕಳಿಸಿ ಮಾರ್ಚ್‌ನಲ್ಲಿ ಅವನು ತೀರಿಕೊಂಡ. ಒಂದು ಕಾಲಕ್ಕೆ ಆಂಟಿಬಯೋಟಿಕ್ ಎಂಬುದು ಮೂತ್ರದಿಂದಲೂ ಹೆಕ್ಕಿ ತೆಗೆಯುವಷ್ಟು ಬೆಲೆಬಾಳುವ ವಸ್ತುವಾಗಿತ್ತು ಎಂಬುದನ್ನು ನಾವು ಮರೆತಿದ್ದೇವೆ.

ಇನ್ನೊಂದು ವಿಷಯ ಇದಕ್ಕಿಂತ ಆಶ್ಚರ್ಯದ್ದು. ಆ ಪೊಲೀಸನಿಗೆ ಮದ್ದು ಕೊಡುವ ಮೊದಲೇ, 1940ರ ಡಿಸೆಂಬರಿನಲ್ಲಿ, ಅದೇ ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೈನ್ ಇಬ್ಬರೂ ಪೆನ್ಸಿಲಿನನ್ನು ಹಾಳು ಮಾಡುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿ ಉಂಟು ಎಂದು ಬರೆದು ಪ್ರಕಟಿಸಿದ್ದರು. ಬೀಗ ಅಂಗಡಿಗೆ ಬರುವ ಮೊದಲೇ ಕಳ್ಳನ ಕೈಯಲ್ಲಿ ಕೀಲಿಕೈ ಇತ್ತು ಅಂದ ಹಾಗೆ.

1945ರ ಡಿಸೆಂಬರಿನಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಬಹುಮಾನ ಬಂತು. ಫ್ಲೆಮಿಂಗ್ ತಮ್ಮ ಭಾಷಣದ ಕೊನೆಗೆ ಒಂದು ಕಲ್ಪನೆಯ ಕಥೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನ್ಸಿಲಿನ್ ಕೊಂಡು ತಂದು ಸ್ವಲ್ಪ ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವಷ್ಟು ಅಲ್ಲ, ಅದು ಮದ್ದನ್ನು ಎದುರಿಸಲು ಕಲಿಯುವಷ್ಟು. ಅದೇ ರೋಗಾಣು ಅವನ ಹೆಂಡತಿಗೆ ಅಂಟಿ ನ್ಯುಮೋನಿಯಾ ಆಗುತ್ತದೆ. ಆಗ ಪೆನ್ಸಿಲಿನ್ ಕೊಟ್ಟರೆ ನಾಟುವುದಿಲ್ಲ. ಅವಳು ಸಾಯುತ್ತಾಳೆ. ತಪ್ಪು ಯಾರದು ಎಂದು ಕೇಳಿ, ಗಂಡನದು ಎಂದರು ಫ್ಲೆಮಿಂಗ್.

ಈ ಕಥೆಯನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅದರಲ್ಲಿ ಗಂಡ ಇದ್ದಾನೆ, ಹೆಂಡತಿ ಇದ್ದಾಳೆ, ರೋಗಾಣು ಉಂಟು. ಗಂಡ ಮದ್ದು ಕೊಂಡ ಅಂದ ಮೇಲೆ ಕೊಟ್ಟವನೊಬ್ಬ ಇರಬೇಕಲ್ಲ? ಅವನ ಬಗ್ಗೆ ಒಂದು ಮಾತೂ ಇಲ್ಲ. ನಾನು ಹೇಳಹೊರಟದ್ದು ಆ ಕಾಣದ ಮನುಷ್ಯನ ಚರಿತ್ರೆ.

ನಮ್ಮ ದೇಶದಲ್ಲಿ ಕಾನೂನು ತಡವಾಗಿ ಬಂದದ್ದಲ್ಲ. 1940ರ ಔಷಧ ಕಾಯಿದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯಿದೆ, ಮೂರೂ ಪೆನ್ಸಿಲಿನಿನ ಜೊತೆ ಜೊತೆಗೇ ಹುಟ್ಟಿದವು. ಫಾರ್ಮಸಿ ಕಾಯಿದೆಯ 42ನೇ ಕಲಮಿನ ಪ್ರಕಾರ ಡಾಕ್ಟರರ ಚೀಟಿಗೆ ಮದ್ದು ಕೊಡಬೇಕಾದವನು ನೋಂದಾಯಿತ ಫಾರ್ಮಸಿಸ್ಟ್. ಮದ್ದು ಹೆಚ್ಚು ಬೇಕಾದಾಗ ದೇಶದಲ್ಲೇ ತಯಾರಿಸುವ ಏರ್ಪಾಡೂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ನೆರವಿನಿಂದ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಅಲ್ಲಿ 1961ರಲ್ಲಿ ಶಿಲೀಂಧ್ರದ ಸೋಂಕಿಗೆ ಹ್ಯಾಮೈಸಿನ್ ಎಂಬ ಹೊಸ ಮದ್ದನ್ನು ಕಂಡುಹಿಡಿದವರು ಮೈಸೂರಿನವರಾದ ಎಂ. ಜೆ. ತಿರುಮಲಾಚಾರ್. ಕನ್ನಡಿಗರು ಹೆಮ್ಮೆಪಡಬೇಕಾದ ಹೆಸರು.

ಹೀಗೆ ಮದ್ದು ಅಗ್ಗವಾಯಿತು, ಹಳ್ಳಿ ಹಳ್ಳಿಗೂ ಬಂತು. ಲಕ್ಷಾಂತರ ಜನ ಬದುಕಿದರು. ಅದನ್ನು ಮರೆಯಬಾರದು. ಆದರೆ ಅಗ್ಗವಾದ ವಸ್ತುವಿಗೆ ಮರ್ಯಾದೆ ಕಡಿಮೆ.

ನಮಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ವಿಷಮಶೀತ ಜ್ವರಕ್ಕೆ, ಅಂದರೆ ಟೈಫಾಯಿಡಿಗೆ, 1940ರ ದಶಕದ ಕೊನೆಯಿಂದ ಕ್ಲೋರಾಮ್ಫೆನಿಕಾಲ್ ಎಂಬ ಮದ್ದು ರಾಮಬಾಣವಾಗಿತ್ತು. ಸುಮಾರು ಇಪ್ಪತ್ತು ವರ್ಷ ಯಾರಿಗೂ ಚಿಂತೆ ಇರಲಿಲ್ಲ. 1972ರಲ್ಲಿ ಕೋಝಿಕ್ಕೋಡಿನಲ್ಲಿ ಟೈಫಾಯಿಡ್ ಹರಡಿದಾಗ ಆ ಮದ್ದು ನಾಟಲಿಲ್ಲ. ಅಲ್ಲಿನ ಡಾ. ಪಣಿಕ್ಕರ್ ಮತ್ತು ವಿಮಲಾ ಪರೀಕ್ಷಿಸಿ ನೋಡಿ, ಈ ಪ್ರತಿರೋಧ ಶಕ್ತಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು ಎಂದು ತೋರಿಸಿದರು. ಅವರ ಬರಹ 'ನೇಚರ್' ಪತ್ರಿಕೆಯಲ್ಲಿ ಅದೇ ವರ್ಷ ಅಚ್ಚಾಯಿತು. ಕಾಸರಗೋಡಿನಲ್ಲಿ ರೈಲು ಹತ್ತಿದರೆ ಕೆಲವು ಗಂಟೆಗಳಲ್ಲಿ ಮುಟ್ಟುವ ಊರಿನಲ್ಲಿ ಇಡೀ ಜಗತ್ತಿಗೆ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಆ ಪಣಿಕ್ಕರ್ ಅನಂತನಾರಾಯಣ್ ಅವರ ಜೊತೆ ಬರೆದ ಸೂಕ್ಷ್ಮಾಣುಶಾಸ್ತ್ರದ ಪುಸ್ತಕವನ್ನು ಭಾರತದ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ನಾವು ಗಂಟೆ ಕೇಳಿದೆವು, ಆದರೆ ಎದ್ದದ್ದು ಇನ್ನೊಂದು ಮದ್ದು ಹುಡುಕುವುದಕ್ಕೆ. 1990ರ ಸುಮಾರಿಗೆ ಸಿಪ್ರೊಫ್ಲಾಕ್ಸಾಸಿನ್ ಬಂತು. ಕೆಲವೇ ವರ್ಷಗಳಲ್ಲಿ ಟೈಫಾಯಿಡ್ ಅದಕ್ಕೂ ಜಗ್ಗದಾಯಿತು. ಆಮೇಲೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಆಮೇಲೆ ಅಜಿಥ್ರೋಮೈಸಿನ್. ಈ ನಡುವೆ ಒಂದು ತಮಾಷೆಯಾಯಿತು. ಕ್ಲೋರಾಮ್ಫೆನಿಕಾಲನ್ನು ಎಲ್ಲರೂ ಬಿಟ್ಟ ಮೇಲೆ, ಎಷ್ಟೋ ಕಡೆ ಟೈಫಾಯಿಡಿನ ರೋಗಾಣು ಅದಕ್ಕೆ ಮತ್ತೆ ಬಗ್ಗತೊಡಗಿತು. ಬಳಸದೆ ಬಿಟ್ಟರೆ ಮದ್ದಿಗೆ ಕೆಲವೊಮ್ಮೆ ಜೀವ ಮರಳುತ್ತದೆ. ನಮ್ಮಲ್ಲಿ ಗದ್ದೆಯನ್ನು ಒಂದು ಬೆಳೆ ಹಡೀಲು ಬಿಡುವ ಹಾಗೆ.

ಇನ್ನು ನನ್ನ ಬಾಕಿ.

ಆ ಸಿಪ್ರೊ ಬಂದ ಹೊಸತರಲ್ಲಿ ನಾನೂ ಹೊಸಬ. ನನ್ನ ಅಕ್ಕನ ಗಂಡ, ಭಾವ, ಅಡಿಕೆ ತೋಟದವರು. ಮಳೆಗಾಲದಲ್ಲಿ ಔಷಧ ಸಿಂಪಡಣೆ, ಕೊಯ್ಲಿನ ಸಮಯದಲ್ಲಿ ಒಕ್ಕಣೆ. ಮಲಗಲು ಪುರುಸೊತ್ತಿಲ್ಲದ ಜೀವ. ಜ್ವರ, ಶೀತ, ಮೂತ್ರದ ಉರಿ ಏನೇ ಆದರೂ ಫೋನು ಮಾಡುವುದು ನನಗೆ. "ಭಾವ, ಬರುವಾಗ ಆ ದೊಡ್ಡ ಮಾತ್ರೆ ನಾಲ್ಕು ತಾ. ಡಾಕ್ಟ್ರ ಹತ್ರ ಹೋದ್ರೆ ಒಂದು ದಿನ ಹೋಯ್ತು." ನಾನು ತರುತ್ತಿದ್ದೆ. ಕದ್ದು ಅಲ್ಲ, ದುಡ್ಡು ಕೊಟ್ಟೇ. ಆದರೆ ಚೀಟಿ ಇರಲಿಲ್ಲ. ಎರಡು ದಿನಕ್ಕೆ ನಾಲ್ಕು ಮಾತ್ರೆ. ಜ್ವರ ಬಿಟ್ಟರೆ ಉಳಿದದ್ದು ದೇವರ ಪಟದ ಹಿಂದೆ, ಮುಂದಿನ ಜ್ವರಕ್ಕೆ. ಅಕ್ಕ ನೆರೆಮನೆಯವರಿಗೂ ಒಂದೆರಡು ಕೊಡುತ್ತಿದ್ದಳು. "ನನ್ನ ತಮ್ಮ ತಂದದ್ದು, ಒಳ್ಳೆ ಮದ್ದು" ಎಂದು. ನನಗೆ ಅದು ಹೆಮ್ಮೆಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು. ಶೀತಜ್ವರ ವೈರಸ್ಸಿನಿಂದ ಬರುವುದು, ಅದಕ್ಕೆ ಈ ಮಾತ್ರೆಯಿಂದ ಕಾಸಿನ ಪ್ರಯೋಜನ ಇಲ್ಲ ಎಂದು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಆದರೂ ತರುತ್ತಿದ್ದೆ.

ಅದೇ ಹೊತ್ತಿಗೆ ಹೊರಗಿನ ಜಗತ್ತಿನಲ್ಲಿ ನನ್ನಂಥವರ ಕೆಲಸವೇ ಬದಲಾಗುತ್ತಿತ್ತು. ಅದರ ಬೇರು 1966ರಷ್ಟು ಹಿಂದಿನದು. ಆ ವರ್ಷ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂಬತ್ತನೇ ಮಾಳಿಗೆಯ ವಾರ್ಡಿನೊಳಗೇ ಒಂದು ಚಿಕ್ಕ ಔಷಧಾಲಯ ತೆರೆದು, ಫಾರ್ಮಸಿಸ್ಟರನ್ನು ಕಿಟಕಿಯ ಹಿಂದಿನಿಂದ ರೋಗಿಯ ಮಂಚದ ಬಳಿಗೆ ತಂದರು. ಕ್ಲಿನಿಕಲ್ ಫಾರ್ಮಸಿ ಎಂಬ ಕವಲು ಬೆಳೆದದ್ದು ಹಾಗೆ. ಇಂಗ್ಲೆಂಡಿನಲ್ಲಿ 2003ರಲ್ಲಿ ಸರಕಾರ ಮೂರು ವರ್ಷಕ್ಕೆಂದು 1 ಕೋಟಿ 20 ಲಕ್ಷ ಪೌಂಡ್ ಕೊಟ್ಟಿತು. ಉದ್ದೇಶ ಒಂದೇ: ಆಸ್ಪತ್ರೆಗಳಲ್ಲಿ ಆಂಟಿಬಯೋಟಿಕ್ ಹಿತಮಿತವಾಗಿ ಬಳಕೆಯಾಗುವಂತೆ ಫಾರ್ಮಸಿಸ್ಟರು ನೋಡಿಕೊಳ್ಳಬೇಕು. ಅದಕ್ಕೆಂದೇ ಫಾರ್ಮಸಿಸ್ಟರನ್ನು ನೇಮಿಸಿಕೊಂಡರು. 2007ರಲ್ಲಿ ಅಮೆರಿಕದ ಸೋಂಕುರೋಗ ತಜ್ಞರ ಸಂಘಗಳು ಹೊರಡಿಸಿದ ಮಾರ್ಗಸೂಚಿ, ಈ ಕೆಲಸದ ತಂಡದ ಕೇಂದ್ರದಲ್ಲಿ ಇಬ್ಬರಿರಬೇಕು ಎಂದಿತು. ಒಬ್ಬರು ಸೋಂಕುರೋಗದ ವೈದ್ಯರು, ಇನ್ನೊಬ್ಬರು ಆ ವಿಷಯದಲ್ಲಿ ತರಬೇತಾದ ಫಾರ್ಮಸಿಸ್ಟ್. ಫ್ಲೆಮಿಂಗರ ಕಥೆಯಲ್ಲಿ ಕಾಣದವನಿಗೆ ಅರುವತ್ತು ವರ್ಷದ ಮೇಲೆ ಒಂದು ಕುರ್ಚಿ ಸಿಕ್ಕಿತು.

ನಮ್ಮ ಕಡೆಗೂ ಗಾಳಿ ಬೀಸಿತು. ಮೈಸೂರಿನ ಮತ್ತು ಊಟಿಯ ಜೆಎಸ್ಎಸ್ ಔಷಧ ಕಾಲೇಜುಗಳಲ್ಲಿ 1990ರ ದಶಕದ ಉತ್ತರಾರ್ಧದಲ್ಲೇ ವಾರ್ಡಿನಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟರ ಸ್ನಾತಕೋತ್ತರ ಶಿಕ್ಷಣ ಶುರುವಾಗಿತ್ತು. 2008ರಲ್ಲಿ ದೇಶದಲ್ಲಿ ಫಾರ್ಮ್‌ಡಿ ಎಂಬ ಆರು ವರ್ಷದ ಪದವಿ ಬಂತು. ಆದರೆ ಓದಿದ ಮಕ್ಕಳಿಗೆ ವಾರ್ಡಿನ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. "ಮದ್ದು ಕೊಡುವವ ಡಾಕ್ಟರಿಗೆ ಬುದ್ಧಿ ಹೇಳುವುದಾ?" ಎಂಬ ಮಾತು ನಾನೂ ಕೇಳಿದವನೇ. ಒಮ್ಮೆ ಒಬ್ಬ ರೋಗಿಗೆ ಒಂದೇ ಬಗೆಯ ರೋಗಾಣುವಿಗೆ ಎರಡೆರಡು ಇಂಜೆಕ್ಷನ್ ಬರೆದಿದ್ದರು. ಒಂದು ಸಾಕಲ್ಲವೇ ಎಂದು ಫೋನಿನಲ್ಲಿ ಕೇಳಿದೆ. ಆ ಕಡೆಯಿಂದ, "ನಿಮ್ಮ ಕೆಲಸ ಕೊಡುವುದು. ಕೊಡಿ" ಎಂದು ಫೋನಿಟ್ಟರು. ನಾನು ಕೊಟ್ಟೆ.

2010ರಲ್ಲಿ ಎನ್‌ಡಿಎಂ ಎಂಬ ಹೆಸರು ಪತ್ರಿಕೆಗಳಲ್ಲಿ ಗದ್ದಲ ಎಬ್ಬಿಸಿತು. ಕಾರ್ಬಪೆನೆಮ್ ಎಂಬ ದೊಡ್ಡ ಮದ್ದುಗಳನ್ನೇ ಮುರಿದು ಹಾಕುವ ಕಿಣ್ವ ಅದು. ಅದಕ್ಕೆ ದೆಹಲಿಯ ಹೆಸರು ಇಟ್ಟರೆಂದು ನಮಗೆಲ್ಲ ಸಿಟ್ಟು ಬಂತು. ಹೆಸರಿನ ಜಗಳದಲ್ಲಿ ರೋಗಾಣುವಿನ ವಿಷಯ ಹಿಂದೆ ಬಿತ್ತು. ಆದರೆ ಎಚ್ಚೆತ್ತವರೂ ಇದ್ದರು. 2012ರಲ್ಲಿ ದೇಶದ ವೈದ್ಯರ ಸಂಘಗಳು ಚೆನ್ನೈಯಲ್ಲಿ ಸೇರಿ ಒಂದು ಘೋಷಣೆ ಹೊರಡಿಸಿದವು. ಮರುವರ್ಷ ಸರಕಾರ ಶೆಡ್ಯೂಲ್ ಎಚ್1 ಎಂಬ ಪಟ್ಟಿ ತಂದಿತು. 2014ರ ಮಾರ್ಚ್ 1ರಿಂದ ಜಾರಿ. ಅದರಲ್ಲಿ 46 ಮದ್ದುಗಳು. ಹೆಚ್ಚಿನವು ಮೇಲ್ದರ್ಜೆಯ ಆಂಟಿಬಯೋಟಿಕ್ ಮತ್ತು ಕ್ಷಯದ ಮದ್ದುಗಳು. ಅವನ್ನು ಕೊಟ್ಟರೆ ಬೇರೆ ರಿಜಿಸ್ಟರಿನಲ್ಲಿ ಡಾಕ್ಟರರ ಹೆಸರು, ರೋಗಿಯ ಹೆಸರು, ಮದ್ದು, ಪ್ರಮಾಣ ಬರೆಯಬೇಕು. ಆ ಪುಸ್ತಕವನ್ನು ಮೂರು ವರ್ಷ ಇಡಬೇಕು.

ಆ ರಿಜಿಸ್ಟರಿಗೆ ನಾನು ಗೆರೆ ಎಳೆಯುವ ಕೆಲವು ತಿಂಗಳ ಮೊದಲು ಭಾವನನ್ನು ನಮ್ಮ ಆಸ್ಪತ್ರೆಗೇ ತಂದರು.

ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆ ಬೇರೆ ಕಡೆ ಆಗಿತ್ತು. ಮನೆಗೆ ಬಂದ ಆರನೇ ದಿನ ಚಳಿ ನಡುಕ, ಮೈಯೆಲ್ಲ ಬೆಂಕಿ, ಮಾತು ತೊದಲು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಸೆಫ್ಟ್ರಿಯಾಕ್ಸೋನ್ ಕೊಟ್ಟರು, ಇಳಿಯಲಿಲ್ಲ. ಅದಕ್ಕಿಂತ ದೊಡ್ಡದು ಕೊಟ್ಟರು, ಇಳಿಯಲಿಲ್ಲ. ಮೂರನೇ ದಿನ ಕಲ್ಚರ್ ವರದಿ ಬಂತು. ಕ್ಲೆಬ್ಸಿಯೆಲ್ಲಾ. ಆ ವರದಿಯಲ್ಲಿ ಮದ್ದುಗಳ ಹೆಸರಿನ ಎದುರು ಎಸ್ ಇದ್ದರೆ ನಾಟುತ್ತದೆ, ಆರ್ ಇದ್ದರೆ ನಾಟುವುದಿಲ್ಲ. ಮೇಲಿನಿಂದ ಬೆರಳಿಟ್ಟು ಓದಿದೆ. ಸಿಪ್ರೊ ಆರ್. ಸೆಫ್ಟ್ರಿಯಾಕ್ಸೋನ್ ಆರ್. ಮೆರೋಪೆನೆಮ್ ಆರ್. ಕೆಳಗೆ ಇಳಿದಷ್ಟೂ ಆರ್, ಆರ್, ಆರ್. ಕೊನೆಗೆ ಕೊಲಿಸ್ಟಿನ್ ಒಂದರ ಎದುರು ಎಸ್.

ಕೊಲಿಸ್ಟಿನ್ ಹೊಸ ಮದ್ದಲ್ಲ. 1940ರ ದಶಕದ ಕೊನೆಗೆ ಜಪಾನಿನಲ್ಲಿ ಕಂಡುಹಿಡಿದದ್ದು. ಮೂತ್ರಪಿಂಡಕ್ಕೆ ಕೆಟ್ಟದೆಂದು 1970ರ ದಶಕದಲ್ಲಿ ವೈದ್ಯರು ಬಹುಮಟ್ಟಿಗೆ ಬಿಟ್ಟದ್ದು. ಬೇರೆಲ್ಲ ಮದ್ದು ಸೋತಾಗ ಮೂಲೆಯಿಂದ ಅದನ್ನೇ ಮತ್ತೆ ಹೊರಗೆ ತೆಗೆಯಬೇಕಾಯಿತು. ಆ ಸೀಸೆಯನ್ನು ಕಪಾಟಿನಿಂದ ತೆಗೆದು ನರ್ಸಮ್ಮನ ಕೈಗೆ ಕೊಟ್ಟವನು ನಾನೇ. ರಕ್ತದ ಕ್ರಿಯಾಟಿನಿನ್ ನೋಡಿ ಪ್ರಮಾಣದ ಲೆಕ್ಕ ಹಾಕಿ ಡಾಕ್ಟರರಿಗೆ ಬರೆದು ಕಳಿಸಿದವನೂ ನಾನೇ. ಈ ಸಲ ಅವರು ಫೋನಿಡಲಿಲ್ಲ. "ನೀವು ದಿನಾ ಲೆಕ್ಕ ನೋಡಿ ಹೇಳಿ" ಎಂದರು. 23ನೇ ದಿನ ಭಾವ ಮನೆಗೆ ಬಂದರು. ಜೀವ ಉಳಿಯಿತು, ಮೂತ್ರಪಿಂಡ ಅರ್ಧಕ್ಕರ್ಧ ಹೋಯಿತು. ತೋಟದ ಕೆಲಸ ಅಲ್ಲಿಗೆ ನಿಂತಿತು. ಒಂದು ಎಕ್ರೆ ಜಾಗ ಕೊಡಬೇಕಾಯಿತು.

ಮನೆಗೆ ಬಂದ ಕೆಲವು ದಿನದ ಮೇಲೆ ಜಗಲಿಯಲ್ಲಿ ಕೂತು ಭಾವ ಮೆಲ್ಲಗೆ ಕೇಳಿದರು. "ಭಾವ, ಅಂದು ನೀನು ತಂದು ಕೊಡ್ತಾ ಇದ್ದದ್ದು ಎಂತ ಮದ್ದು? ಈ ಕಾಗದದಲ್ಲಿ ಅದರ ಹೆಸರು ಉಂಟಾ?"

ಉಂಟು ಎಂದೆ.

ಆ ನಾಲ್ಕು ನಾಲ್ಕು ಮಾತ್ರೆಗಳಿಂದಲೇ ಹೀಗಾಯಿತು ಎಂದು ಯಾವ ವೈದ್ಯನೂ ಹೇಳಲಾರ. ಆ ರೋಗಾಣು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಬೇರೆ ಆಸ್ಪತ್ರೆಯಲ್ಲೇ ಸೇರಿರಬಹುದು. ಆದರೆ ಅದರಿಂದ ಆಗಲಿಲ್ಲ ಎಂದೂ ಯಾರೂ ಹೇಳಲಾರರು. ಆಂಟಿಬಯೋಟಿಕ್ ನುಂಗಿದಾಗಲೆಲ್ಲ ನಮ್ಮ ಕರುಳಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಬಗ್ಗುವವು ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ. ನಮ್ಮ ತೋಡಿಗೆ ಹಾಕುವ ಕಟ್ಟದ ನೀರಿನ ಹಾಗೆ ಇದು. ಮೇಲಿನ ತೋಟದವ ಸುಮ್ಮನೆ ಹರಿಯಬಿಟ್ಟರೆ ಬೇಸಗೆಯಲ್ಲಿ ಒಣಗುವುದು ಕೆಳಗಿನವನ ಸಸಿ. ಒಮ್ಮೊಮ್ಮೆ ಆ ಕೆಳಗಿನವ ನಮ್ಮ ಮನೆಯವನೇ ಆಗಿರುತ್ತಾನೆ.

ಅದಾದ ಮರುವರ್ಷ ನಮ್ಮ ಆಸ್ಪತ್ರೆಯಲ್ಲಿ ಒಂದು ಸಣ್ಣ ಸಮಿತಿ ಮಾಡಿದರು. ಒಬ್ಬರು ಫಿಸಿಶಿಯನ್, ಒಬ್ಬರು ಲ್ಯಾಬಿನ ಸೂಕ್ಷ್ಮಾಣು ತಜ್ಞೆ, ಒಬ್ಬರು ಹಿರಿಯ ನರ್ಸ್, ಮತ್ತೆ ನಾನು. ನಿವೃತ್ತಿಯವರೆಗಿನ ಐದು ವರ್ಷ ನಾನು ಮಾಡಿದ್ದೇ ನಿಜವಾದ ಕೆಲಸ ಎಂದು ಈಗ ಅನಿಸುತ್ತದೆ. ಫಾರ್ಮಸಿಸ್ಟ್ ಅಲ್ಲಿ ಏನು ಮಾಡುತ್ತಾನೆ ಎಂದು ನಮ್ಮ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಸರಳವಾಗಿ ಹೇಳುತ್ತೇನೆ.

ಬೆಳಗ್ಗೆ ಎದ್ದು ಪಟ್ಟಿ ತೆಗೆಯುವುದು: ಯಾರ್ಯಾರಿಗೆ ದೊಡ್ಡ ಆಂಟಿಬಯೋಟಿಕ್ ಶುರುವಾಗಿ ಎರಡು ದಿನ ಆಯಿತು? ಅವರ ಕಲ್ಚರ್ ವರದಿ ಬಂತಾ? ಬಂದಿದ್ದರೆ, ಚಿಕ್ಕ ಮದ್ದು ಸಾಕಾಗುತ್ತದಾ? ಮದ್ದೇ ಬೇಡವಾ? ಬಾಯಿಯಿಂದ ಊಟ ಮಾಡುವವನಿಗೆ ಇನ್ನೂ ಇಂಜೆಕ್ಷನ್ ಯಾಕೆ, ಮಾತ್ರೆ ಆಗುವುದಿಲ್ಲವಾ? ಮೂತ್ರಪಿಂಡ ಸೋತವರಿಗೆ ಪ್ರಮಾಣ ಇಳಿಸಿದ್ದಾರಾ? "ನನಗೆ ಪೆನ್ಸಿಲಿನ್ ಆಗುವುದಿಲ್ಲ" ಎಂದ ಅಜ್ಜಿಗೆ ನಿಜಕ್ಕೂ ಮೈ ತುರಿಸಿ ಉಸಿರು ಕಟ್ಟಿತ್ತಾ, ಅಲ್ಲ ಬರೇ ಹೊಟ್ಟೆ ತೊಳಸಿದ್ದಾ? ಹೊಟ್ಟೆ ತೊಳಸಿದ್ದಾದರೆ ಅದು ಅಲರ್ಜಿ ಅಲ್ಲ. ಆ ಒಂದು ತಪ್ಪು ಮಾತಿನಿಂದ ಅವರಿಗೆ ಜೀವಮಾನವಿಡೀ ಒಳ್ಳೆಯ, ಅಗ್ಗದ ಮದ್ದು ತಪ್ಪಿಹೋಗುತ್ತದೆ.

ಹೆಚ್ಚು ಜಗಳ ಆದದ್ದು ಆಪರೇಶನ್ ಥಿಯೇಟರಿನಲ್ಲಿ. ಹರ್ನಿಯಾದಂಥ ಶಸ್ತ್ರಚಿಕಿತ್ಸೆಗೆ ಐದು ದಿನ ಇಂಜೆಕ್ಷನ್, ಮತ್ತೆ ಐದು ದಿನ ಮಾತ್ರೆ ಕೊಡುವ ರೂಢಿ ಇತ್ತು. ಮುನ್ನೆಚ್ಚರಿಕೆಯ ಮದ್ದು ಬೇಕಿದ್ದರೆ ಕೊಯ್ಯುವ ಮೊದಲು ಒಂದು ಗಂಟೆಯ ಒಳಗೆ ಒಂದು ಡೋಸು. ಹೆಚ್ಚಿನವರಿಗೆ ಅಷ್ಟೇ ಸಾಕು ಎಂಬುದು ಜಗತ್ತೇ ಒಪ್ಪಿದ ಪದ್ಧತಿ. ಹಿರಿಯ ಸರ್ಜನರು ಕೇಳಿದರು, "ಕೀವಾದರೆ ಮನೆಯವರು ಹಿಡಿಯುವುದು ನನ್ನ ಕುತ್ತಿಗೆಯನ್ನು, ನಿಮ್ಮದನ್ನಲ್ಲ." ಅವರ ಮಾತು ಸುಳ್ಳಲ್ಲ. ವಾದ ಮಾಡಿ ಪ್ರಯೋಜನ ಇರಲಿಲ್ಲ. ಮೂರು ತಿಂಗಳು ಪ್ರಯೋಗ ಮಾಡೋಣ, ಪ್ರತಿ ಗಾಯವನ್ನೂ ನಾವು ಬರೆದಿಡುತ್ತೇವೆ ಎಂದೆವು. ನರ್ಸಮ್ಮ ಬರೆದಿಟ್ಟರು. ಕೀವು ಹೆಚ್ಚಾಗಲಿಲ್ಲ. ಆಮೇಲೆ ಅದೇ ಸರ್ಜನರು ಕಿರಿಯರಿಗೆ ಬೈದು ಹೇಳುತ್ತಿದ್ದರು, "ಐದು ದಿನ ಯಾಕೆ ಬರೆದೆ?" ಎಂದು.

ಇಷ್ಟರಿಂದ ನನಗೆ ತಿಳಿದದ್ದು ಇದು. ಫಾರ್ಮಸಿಸ್ಟನ ಕೆಲಸ ಕೊಡುವುದಿಲ್ಲ ಎನ್ನುವುದಲ್ಲ. ನ್ಯುಮೋನಿಯಾ ಆದ ಮಗುವಿಗೆ, ರಕ್ತಕ್ಕೆ ವಿಷ ಏರಿದ ಬಾಣಂತಿಗೆ ಒಂದು ಗಂಟೆ ತಡ ಮಾಡಿದರೂ ಅದು ಪಾಪ. ಅಲ್ಲಿ ಓಡಿಹೋಗಿ ಕೊಡಬೇಕು. ಅವನ ಕೆಲಸ ಕೇಳುವುದು. ಯಾಕೆ, ಎಷ್ಟು, ಎಲ್ಲಿಯವರೆಗೆ? ಮದ್ದು ಕಿಟಕಿ ದಾಟಿದ ಮೇಲೆ ಆ ಪ್ರಶ್ನೆ ಕೇಳಲು ಮತ್ತೆ ಯಾರೂ ಇಲ್ಲ. ಕಂಪೌಂಡರ್ ಮಾವನ ಕಾಗದದ ಪಟ್ಟಿ ಕೇಳುತ್ತಿದ್ದದ್ದೂ ಇದನ್ನೇ.

ಸರಕಾರಗಳೂ ಸುಮ್ಮನಿಲ್ಲ. 2016ರಲ್ಲಿ ಕೇಂದ್ರ ಸರಕಾರ ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರ ಮಾಡಿತು: ಆ ಗೆರೆ ಕಂಡರೆ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು: ಮೊದಲು ಬಳಸಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕೊನೆಯ ಗಳಿಗೆಗೆಂದು ಕಾದಿಡಬೇಕಾದವು. 2018ರಲ್ಲಿ ನಮ್ಮ ಕೇರಳ ದೇಶದಲ್ಲೇ ಮೊದಲನೆಯದಾಗಿ ರಾಜ್ಯಮಟ್ಟದ ಕಾರ್ಯಯೋಜನೆ ಮಾಡಿತು. 2019ರಲ್ಲಿ ಕೋಳಿ, ಜಾನುವಾರುಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ ನಿಷೇಧಿಸಿತು. ಅದುವರೆಗೆ, ನನ್ನ ಭಾವನ ಜೀವ ಉಳಿಸಿದ ಮದ್ದನ್ನು ಕೋಳಿ ದಪ್ಪವಾಗಲೆಂದೂ ಹಾಕುತ್ತಿದ್ದರು! 2024ರ ಜನವರಿಯಲ್ಲಿ ಆಪರೇಶನ್ ಅಮೃತ್ ಎಂಬ ಹೆಸರಿನಲ್ಲಿ ಕೇರಳದ ಮದ್ದಿನಂಗಡಿಗಳಲ್ಲಿ ತಪಾಸಣೆ ಶುರುವಾಯಿತು. ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ ಎಂಬ ಬೋರ್ಡು ಅಂಗಡಿಯಲ್ಲಿ ಹಾಕಲೇಬೇಕು.

ಆದರೂ ಅಂಗಡಿಯವನ ಜೊತೆ ಜಗಳ ಆಡುವವರನ್ನು ನಮ್ಮ ಪೇಟೆಯಲ್ಲೇ ನೋಡುತ್ತೇನೆ. "ಹೋದ ಸಲ ಕೊಟ್ಟಿದ್ದೀರಲ್ಲ?" ಎಂದು. ಕೊಡದವ ಕೆಟ್ಟವ, ಕೊಟ್ಟವ ನೆಂಟ ಎಂಬ ಭಾವನೆ ಹೋಗಬೇಕು. ನಾನು ಆ ನೆಂಟನೇ ಆಗಿದ್ದೆ, ಆದ್ದರಿಂದ ಹೇಳುವ ಹಕ್ಕು ನನಗುಂಟು. ಶೀತ, ಕೆಮ್ಮು, ವೈರಸ್ ಜ್ವರಕ್ಕೆ ಈ ಮದ್ದು ಕೇಳಬೇಡಿ. ಡಾಕ್ಟರರು ಬರೆದರೆ, ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ನೀವೇ ನಿಲ್ಲಿಸಬೇಡಿ, ನೀವೇ ಮುಂದುವರಿಸಲೂ ಬೇಡಿ. ದೇವರ ಪಟದ ಹಿಂದೆ ಉಳಿದ ಮಾತ್ರೆಯನ್ನು ನೆರೆಮನೆಗೆ ದಾನ ಮಾಡಬೇಡಿ. ಕಿಟಕಿಯ ಹಿಂದಿನವನು ಪ್ರಶ್ನೆ ಕೇಳಿದರೆ ಸಿಟ್ಟಾಗಬೇಡಿ. ಕೇಳದಿದ್ದರೆ, ನೀವೇ ಅವನನ್ನು ಕೇಳಿ.

ಇದನ್ನು ಬರೆದು ಮುಗಿಸಿ, ಮುದ್ರಣಕ್ಕೆ ಕೊಡುವ ಮೊದಲು ಭಾವನ ಮನೆಗೆ ಹೋಗಿ ಅವರ ವಿಷಯ ಬಂದ ಭಾಗವನ್ನು ಓದಿ ಹೇಳಿದೆ. ಅಕ್ಕ ಒಳಗೆ ಎದ್ದು ಹೋದಳು. ಭಾವ ಪೂರ್ತಿ ಕೇಳಿ, ಸ್ವಲ್ಪ ಹೊತ್ತು ತೋಟದ ಕಡೆ ನೋಡುತ್ತಾ ಕೂತರು.

"ಹಾಕು" ಎಂದರು. "ನನ್ನ ಹೆಸರು ಬೇಡ. ಆದರೆ ಮಾತ್ರೆ ಕೇಳಿದ್ದು ನಾನೇ ಅಂತ ಬರೆದಿದ್ದೀಯಲ್ಲ, ಅದು ಇರಲಿ."